ಒಂಬತ್ತನೆಯ ಬೀದಿ

ನಮ್ಮೂರಿನಲ್ಲಿ ಪದಗಳಿಗೆ ಬೀದಿಯುಂಟು. ಅಡುಗೆಯವರ ಪದ ಅಡುಗೆಯವರ ಬೀದಿಯಲ್ಲಿ ಕೇಳಿಸುತ್ತದೆ, ವೈದ್ಯರ ಪದ ವೈದ್ಯರ ಬೀದಿಯಲ್ಲಿ. ಬೀದಿ ತಪ್ಪಿ ಆಡಿದರೆ ತುಟಿ ಅಲುಗುತ್ತದೆ, ಗಂಟಲ ನರ ಉಬ್ಬುತ್ತದೆ, ಸದ್ದು ಮಾತ್ರ ಹೊರಡುವುದಿಲ್ಲ. ಬರೆದು ತೋರಿಸೋಣವೆಂದರೂ ಅದೇ ಗತಿ. ಮೂಲೆ ತಿರುಗುತ್ತಲೇ ಚೀಟಿಯ ಮೇಲಿನ ಅಕ್ಷರ ಮಾಸಿಹೋಗುತ್ತದೆ. ಬಾ, ಹೋಗು, ಬೇಕು, ಬೇಡ, ಊಟ, ನೀರು, ನಿನ್ನ ತಲೆ ಇಂಥ ಮನೆಬಳಕೆಯ ಮಾತುಗಳಷ್ಟೇ ಎಲ್ಲ ಕಡೆ ಓಡಾಡಿಕೊಂಡಿರುತ್ತವೆ. ಇದು ಯಾಕೆ ಹೀಗೆ ಎಂದು ಕೇಳಿದವರಿಲ್ಲ. ಕೇಳಬೇಕಾದವರು ಯಾವ ಬೀದಿಯವರು ಎನ್ನುವುದೇ ಇನ್ನೂ ತೀರ್ಮಾನವಾಗಿಲ್ಲ.

ಜನ ಹೊಂದಿಕೊಂಡಿದ್ದರು. ಬಡಗಿಗೆ ಜ್ವರ ಬಂದರೆ ವೈದ್ಯರ ಬೀದಿ ಮುಟ್ಟುವವರೆಗೂ ಸುಮ್ಮನೆ ನಡುಗುತ್ತ ಹೋಗಿ, ಅಲ್ಲಿ ಕಾಲಿಟ್ಟ ಕೂಡಲೇ ಬಾಯಿಬಿಟ್ಟು ಅಳುತ್ತಿದ್ದ. ವಕೀಲರು ಅಡುಗೆಯವರ ಬೀದಿಯಲ್ಲಿ ಎಷ್ಟು ಬೇಕಾದರೂ ತಿನ್ನಬಹುದಿತ್ತು, ವಾದ ಮಾಡುವ ಹಾಗಿರಲಿಲ್ಲ. ಹಾಗಾಗಿ ಆ ಬೀದಿಯಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ನಾನು ಬೋರ್ಡು ಬರೆಯುವವನು, ಬಣ್ಣದವರ ಬೀದಿಯ ಪಾಪಣ್ಣ. ನನ್ನ ಕಷ್ಟ ಬೇರೆಯೇ. ಒಬ್ಬ ವೈದ್ಯರು ಅಡುಗೆಯವರ ಬೀದಿಯಲ್ಲಿ ಅಂಗಡಿ ಹಿಡಿದು ಬಾಗಿಲಿಗೆ ‘ಔಷಧಾಲಯ’ ಎಂದು ಬರೆಸಿದರು. ಬಿಸಿಲಲ್ಲಿ ಏಣಿ ಹತ್ತಿ ನಿಂತು ಬರೆದೆ. ಹಲಗೆ ಬೋಳಾಗಿಯೇ ಉಳಿಯಿತು. ಕೂಲಿ ಕೇಳಿದರೆ, “ಎಲ್ಲಪ್ಪಾ ಬರೆದಿದ್ದೀಯ, ತೋರಿಸು” ಎಂದರು.

ನನ್ನ ಅಕ್ಕ ಸಾವಂತ್ರಮ್ಮನ ಮನೆ ಅಡುಗೆಯವರ ಬೀದಿಯಲ್ಲಿ. ಖಾನಾವಳಿ ನಡೆಸುತ್ತಾಳೆ. ಅವಳ ಗಂಡ, ಎಂದರೆ ನನ್ನ ಭಾವ ದೊಡ್ಡರಂಗಪ್ಪನವರು, ಮೇಷ್ಟರ ಬೀದಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರು. ಮೀಸೆಯನ್ನೂ ಸಾಲಾಗಿ ನಿಲ್ಲಿಸಿದ ಮನುಷ್ಯ. ಶಾಲೆಯಲ್ಲಿ ಅವರು ‘ಸಾವಧಾನ್’ ಎಂದರೆ ಗೋಡೆಯ ಹಲ್ಲಿಯೂ ನೆಟ್ಟಗಾಗುತ್ತಿತ್ತಂತೆ. ಮನೆಗೆ ಬಂದರೆ ಅದೇ ಪದ ತುಟಿಯಲ್ಲೇ ಸತ್ತುಹೋಗುತ್ತಿತ್ತು. ಅಕ್ಕ ಒಲೆಯ ಮುಂದೆ ಕೂತಲ್ಲಿಂದಲೇ, “ಏನ್ರೀ ಅದು, ಆಕಳಿಸ್ತಿದ್ದೀರಾ?” ಎನ್ನುತ್ತಿದ್ದಳು. ಆ ಸಂಸಾರ ಸುಖವಾಗಿದ್ದದ್ದೇ ಈ ಕಾರಣದಿಂದ ಎಂದು ನನ್ನ ನಂಬಿಕೆ.

ಎಂಟು ಬೀದಿಗಳೂ ಬಂದು ಸೇರುವ ಜಾಗದಲ್ಲಿ ಒಂದು ಕಲ್ಲಿನ ಕಟ್ಟೆ ಇತ್ತು. ಅದು ಯಾರ ಬೀದಿಯೂ ಅಲ್ಲ. ಆದ್ದರಿಂದ ಅಲ್ಲಿ ಎಲ್ಲರ ಪದವೂ ಎಲ್ಲರಿಗೂ ಕೇಳಿಸುತ್ತಿತ್ತು. ಸಂಜೆಯಾದರೆ ಊರೆಲ್ಲ ಅಲ್ಲಿ ಸೇರಿ, ಇಡೀ ದಿನ ನುಂಗಿಕೊಂಡದ್ದನ್ನೆಲ್ಲ ಕಕ್ಕುತ್ತಿತ್ತು. ಗದ್ದಲ ಹೇಳತೀರದು. ವೈದ್ಯರು ಉಳಿಯ ಬಗ್ಗೆ, ಬಡಗಿಗಳು ಪಿತ್ತದ ಬಗ್ಗೆ ಬಾಯಿಗೆ ಬಂದದ್ದು ಮಾತಾಡುತ್ತಿದ್ದರು, ಅರ್ಧಕ್ಕರ್ಧ ತಪ್ಪು. ಭಾವನಿಗೆ ಆ ಕಟ್ಟೆಯನ್ನು ಕಂಡರೆ ಆಗುತ್ತಿರಲಿಲ್ಲ. “ಒಂದು ಸಾಲಿಲ್ಲ, ಒಂದು ರೀತಿಯಿಲ್ಲ. ಸಂತೆ, ಬರೀ ಸಂತೆ” ಎನ್ನುತ್ತಿದ್ದರು. ಆದರೂ ಆ ಸಂತೆಯಲ್ಲೇ ಊರಿನ ಕೆಲಸ ಆಗುತ್ತಿತ್ತು. ಕಂಚುಗಾರರ ಬೀದಿಯ ಲತೀಫ್ ಸಾಬರು ಅಲ್ಲಿಯೇ ಅಕ್ಕನನ್ನು ಹಿಡಿದು, “ತಾಯೀ, ಆ ಹಿತ್ತಾಳೆ ಪಾತ್ರೆಯ ಒಳಗಿನ ತವರದ ಕಲಾಯಿ ಸವೆದಿರಬೇಕು, ಕೊಟ್ಟು ಕಳಿಸಿ” ಎಂದು ನೆನಪು ಮಾಡುತ್ತಿದ್ದರು. ಅಡುಗೆಯವರ ಬೀದಿಗೆ ಬಂದು ಕೂಗಿದರೆ ‘ಕಲಾಯಿ’ ಯಾರಿಗೆ ಕೇಳಬೇಕು?

ಹೀಗಿರುವಾಗ ರಾಜಧಾನಿಯಿಂದ ಒಂದು ಪದ ಬಂತು. ಪುರಸಭೆಯ ಅಧ್ಯಕ್ಷರು ಮರಿಬಸಪ್ಪನವರಿಗೆ ಸುತ್ತೋಲೆ: ಇನ್ನು ಮುಂದೆ ಊರಿನ ಸಕಲ ವ್ಯವಹಾರವೂ ‘ಅಂತರಶಿಸ್ತೀಯ’ ಆಗತಕ್ಕದ್ದು. ಅರ್ಥ ಏನೆಂದು ಬರೆದಿರಲಿಲ್ಲ. ಬರೆದವರಿಗೆ ಗೊತ್ತಿತ್ತೇ ಎನ್ನುವುದೂ ಗೊತ್ತಿಲ್ಲ. ಅಧ್ಯಕ್ಷರು ಅದನ್ನು ತಮ್ಮ ಕಚೇರಿಯಲ್ಲಿ ಓದಿದರು. ರಾಜಧಾನಿಯ ಅಚ್ಚಿನಕ್ಷರವೆಂದೋ ಏನೋ ಮಾಸಲಿಲ್ಲ, ಆದರೆ ಸದ್ದು ಬರಲಿಲ್ಲ. ಮೇಷ್ಟರ ಬೀದಿಯಲ್ಲಿ ಓದಿಸಿದರು, ಬರಲಿಲ್ಲ. ಎಂಟು ಬೀದಿಯಲ್ಲಿ ಎಲ್ಲಿಯೂ ಅದಕ್ಕೆ ಬಾಯಿಲ್ಲ. ಕೊನೆಗೆ ಕಟ್ಟೆಯ ಮೇಲೆ ನಿಂತು ಓದಿದಾಗ ಖಣಿಲ್ಲೆಂದು ಕೇಳಿಸಿತು. ಜನ ಚಪ್ಪಾಳೆ ಹೊಡೆದರು. ಯಾತಕ್ಕೆ ಹೊಡೆದೆವೆಂದು ನನಗೆ ಇವತ್ತಿಗೂ ತಿಳಿಯದು, ನಾನೂ ಹೊಡೆದಿದ್ದೆ.

ಅರ್ಥ ಹೇಳಲು ವಿದ್ವಾನ್ ಕೇಶವಭಟ್ಟರನ್ನು ಕರೆಸಿದರು. ವ್ಯಾಕರಣದಲ್ಲಿ ಅವರನ್ನು ಮೀರಿಸುವವರಿಲ್ಲ, ಮಾತು ನಿಲ್ಲಿಸಲು ಹೇಳುವವರೂ ಇಲ್ಲ. ಅವರು ಮೊದಲ ಉಸಿರಿನಲ್ಲೇ ಸರಿಯಾದದ್ದನ್ನು ಹೇಳಿಬಿಟ್ಟರು. “ಅಂತರ ಅಂದರೆ ನಡುವೆ. ಶಿಸ್ತು ಅಂದರೆ ಇಲ್ಲಿ ವಿದ್ಯೆಯ ಒಂದು ಶಾಖೆ. ಹಲವು ಶಾಖೆಗಳನ್ನ ನಡುವೆ ಕೂಡಿಸೋದು, ಒಂದರ ತಿಳಿವು ಇನ್ನೊಂದಕ್ಕೆ ಒದಗೋ ಹಾಗೆ ಮಾಡೋದು ಅಂತ ಅರ್ಥ.” ಅಲ್ಲಿಗೇ ಕೂತಿದ್ದರೆ ಊರು ಬದುಕುತ್ತಿತ್ತು. ಕೂರಲಿಲ್ಲ. “ಆದರೆ ಈ ಪದವೇ ಅಶುದ್ಧ! ಸಂಸ್ಕೃತದ ಅಂತರಕ್ಕೂ ಎಲ್ಲಿಂದಲೋ ಬಂದ ಶಿಸ್ತಿಗೂ ಗಂಟುಹಾಕಿ, ಮೇಲೊಂದು ಸಂಸ್ಕೃತದ ಬಾಲ ಅಂಟಿಸಿದ್ದಾರೆ. ಅರಿಸಮಾಸ! ಕುಲ ಬೇರೆಯಾದ ಪದಗಳನ್ನ ಹೀಗೆ ಬೆರೆಸೋದನ್ನ ನಾನು ಒಪ್ಪೋದಿಲ್ಲ” ಎಂದು ಶುರುವಿಟ್ಟುಕೊಂಡರು. ಬೆರೆಸುವುದು ಎಂಬ ಅರ್ಥದ ಪದದೊಳಗೆ ಬೆರಕೆ ಇದೆಯೆಂದು ಬೈಯುತ್ತ ಅವರು ನಿಂತದ್ದು ದೀಪ ಹಚ್ಚುವವರೆಗೆ. ಅಷ್ಟರಲ್ಲಿ ಅವರು ಮೊದಲು ಹೇಳಿದ ಅರ್ಥ ಎಲ್ಲರಿಗೂ ಮರೆತುಹೋಗಿತ್ತು.

ಆಗ ಎದ್ದವರು ನಮ್ಮ ಭಾವ. “ಸ್ವಾಮೀ, ಇಷ್ಟೆಲ್ಲ ಯಾಕೆ? ಅಂತರ ಅಂದ್ರೆ ಅಂತರ, ಒಂದು ತೋಳಿನಷ್ಟು ದೂರ. ಶಿಸ್ತು ಅಂದ್ರೆ ಶಿಸ್ತು. ಅಂತರ ಕಾಯ್ಕೊಂಡು ಶಿಸ್ತಾಗಿ ನಿಲ್ಲೋದೇ ಅಂತರಶಿಸ್ತೀಯ. ದಿನಾ ಬೆಳಿಗ್ಗೆ ನಾನು ಮಕ್ಕಳಿಗೆ ಮಾಡಿಸ್ತಿರೋದು ಇದನ್ನೇ!” ಎಂದವರೇ ಎರಡೂ ತೋಳು ಚಾಚಿ ನಿಂತು ತೋರಿಸಿದರು. ಪಕ್ಕದಲ್ಲಿದ್ದವರು ತಾವಾಗಿಯೇ ದೂರ ಸರಿದರು. ಅಧ್ಯಕ್ಷರ ಮುಖ ಅರಳಿತು. ತೋರಿಸಬಹುದಾದ ಅರ್ಥ, ಸುಣ್ಣದಲ್ಲಿ ಗೆರೆ ಎಳೆಯಬಹುದಾದ ಅರ್ಥ, ರಾಜಧಾನಿಗೆ ಫೋಟೋ ಕಳಿಸಬಹುದಾದ ಅರ್ಥ. ಇದಕ್ಕಿಂತ ಏನು ಬೇಕು?

ಗೆರೆ ಎಳೆದವನು ನಾನೇ. ಕಟ್ಟೆಯನ್ನು ಚೌಕಾಬಾರದ ಹಾಗೆ ಎಂಟು ಮನೆ ಮಾಡಿ, ಬೀದಿಗೊಂದು ಮನೆ, ಬೀದಿಗೊಂದು ಹೊತ್ತು ಗೊತ್ತುಮಾಡಿದರು. ಒಂದು ಬೀದಿಯವರು ಕಟ್ಟೆಯ ಮೇಲಿದ್ದಾಗ ಇನ್ನೊಂದು ಬೀದಿಯವರು ಹತ್ತಕೂಡದು. ಭಾವನಿಗೆ ಒಂದು ಹಿತ್ತಾಳೆ ಸೀಟಿ, ಕೆಂಪು ಪಟ್ಟಿ, ‘ಅಂತರಶಿಸ್ತಿನ ಮುಖ್ಯಾಧಿಕಾರಿ’ ಎಂಬ ಬಿರುದು ಸಿಕ್ಕಿತು. ಜೀವನದಲ್ಲಿ ಮೊದಲ ಬಾರಿಗೆ ಅವರ ಮಾತು ಶಾಲೆಯ ಹೊರಗೂ ನಡೆಯಿತು. ಪಾಪ, ಆ ಸಂತೋಷ ನೋಡುವಂತಿತ್ತು. ಸಂಜೆ ಸಂಜೆ ಅಡುಗೆಯವರು ಬಂದು ತಮ್ಮ ಮನೆಯಲ್ಲಿ ನಿಂತು ಅಡುಗೆಯವರಿಗೇ ಅಡುಗೆಯ ಮಾತಾಡಿ ಇಳಿಯುತ್ತಿದ್ದರು. ಅವರು ಇಳಿದ ಮೇಲೆ ವೈದ್ಯರು. ಎಷ್ಟು ಅಚ್ಚುಕಟ್ಟೆಂದರೆ ಕಟ್ಟೆಗೆ ಬರುವವರೇ ಕಡಿಮೆಯಾದರು. ಒಮ್ಮೆ ಲತೀಫ್ ಸಾಬರು ಅಡುಗೆಯವರ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕಾಲಿಟ್ಟು, “ತಾಯೀ, ಕಲಾ…” ಎನ್ನುವಷ್ಟರಲ್ಲಿ ಭಾವ ಸೀಟಿ ಊದಿ ಓಡಿಸಿದರು. ಸಾಬರು ಮತ್ತೆ ಆ ಕಡೆ ತಲೆಹಾಕಲಿಲ್ಲ.

ಈಗ ಭಾವನ ಬಾಯಿಚಪಲದ ವಿಷಯ ಹೇಳಬೇಕು. ಅವರಿಗೆ ಹುಣಸೆಹಣ್ಣಿನ ಗೊಜ್ಜೆಂದರೆ ಪ್ರಾಣ. ಅದೂ ಇವತ್ತು ಮಾಡಿದ್ದಲ್ಲ, ನಿನ್ನೆಯದು ಆಗಬೇಕು. ಅಕ್ಕ ತವರಿನಿಂದ ತಂದ ಒಂದು ಹಿತ್ತಾಳೆ ಬೋಗುಣಿ ಇತ್ತು. ಗಂಡನ ಗೊಜ್ಜನ್ನು ಅದರಲ್ಲೇ ಇಟ್ಟು ಮುಚ್ಚುತ್ತಿದ್ದಳು. ಖಾನಾವಳಿಯ ಮಂದಿಗೆ ಕಲ್ಲಿನ ಮರಿಗೆ, ಗಂಡನಿಗೆ ಮಾತ್ರ ಬೋಗುಣಿ. ಪ್ರೀತಿಯೆಂದರೆ ಹಾಗೆ, ವಿಶೇಷ ಪಾತ್ರೆ ಕೇಳುತ್ತದೆ.

ಮೊದಲು ಭಾವನಿಗೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಆಯಿತು. ಆಮೇಲೆ ಹೊಟ್ಟೆ ತೊಳಸಿತು. ಆಮೇಲೆ ನಿಂತಲ್ಲಿ ನಿಲ್ಲಲಾಗದ ವಾಂತಿ. ಸಾವಧಾನದಲ್ಲೇ ಹುಟ್ಟಿದಂತಿದ್ದ ಮನುಷ್ಯ ಎರಡಾಗಿ ಮಡಚಿಕೊಂಡರು. ಅಕ್ಕ ಗಾಬರಿಯಾಗಿ ನನ್ನನ್ನು ಕರೆಸಿದಳು. ಇಬ್ಬರೂ ಅವರನ್ನು ನಡೆಸಿಕೊಂಡು ವೈದ್ಯರ ಬೀದಿಗೆ, ಡಾಕ್ಟರ್ ವೃಷಭೇಂದ್ರಯ್ಯನವರಲ್ಲಿಗೆ ಹೋದೆವು.

“ಏನು ಕೊಟ್ಟಿದ್ರಿ ಇವರಿಗೆ?” ಎಂದರು ಡಾಕ್ಟರು.

“ಊಟ ಸ್ವಾಮಿ.”

“ಊಟಕ್ಕೆ ಏನು?”

ಅಕ್ಕನ ತುಟಿ ಅಲುಗಿತು. ‘ಗೊಜ್ಜು’ ಎಂದಳೆಂದು ನನಗೆ ಗೊತ್ತಾಯಿತು, ಕೇಳಿಸಲಿಲ್ಲ. ಕೈಯಲ್ಲಿ ಗೊಜ್ಜು ತಿರುವಿ ತಿರುವಿ ತೋರಿಸಿದಳು. ಡಾಕ್ಟರು ತಲೆಯಾಡಿಸಿ, “ಓ, ತಲೆ ಸುತ್ತುತ್ತೆ” ಎಂದು ತಲೆಸುತ್ತಿಗೆ ಮಾತ್ರೆ ಕೊಟ್ಟರು. ಭಾವ ಗಂಜಿಯ ಮೇಲೆ ಇದ್ದಷ್ಟು ದಿನ ಚೇತರಿಸಿಕೊಂಡರು; ನಾಲಗೆ ಸತ್ತುಹೋಯಿತೆಂದು ಗೊಜ್ಜು ಕೇಳಿದರು; ತಿಂದರು; ಮತ್ತೆ ಬಿದ್ದರು.

ಎರಡನೆಯ ಸಲ ಅಕ್ಕ ಜಾಣತನ ಮಾಡಿದಳು. ಮಾತು ತಾನೇ ಬರುವುದಿಲ್ಲ, ವಸ್ತುವನ್ನೇ ತೋರಿಸೋಣವೆಂದು ಒಂದು ದೊನ್ನೆಯಲ್ಲಿ ಗೊಜ್ಜು ಒಯ್ದಳು. ಡಾಕ್ಟರ ಬೀದಿಯಲ್ಲಿ ಕಪ್ಪಗೆ, ಗಟ್ಟಿಗೆ, ಘಾಟಾಗಿ ಇರುವುದೆಲ್ಲ ಲೇಹ್ಯ. ಅವರು ಬೆರಳಿನಲ್ಲಿ ಮುಟ್ಟಿ, ಮೂಸಿ, ಕಣ್ಣು ಮುಚ್ಚಿ ಯೋಚಿಸಿದರು. “ಯಾರೋ ಒಳ್ಳೆಯವರೇ ಮಾಡಿಕೊಟ್ಟಿದ್ದಾರೆ. ಜೀರ್ಣಕ್ಕೆ ಉತ್ತಮ. ದಿನಕ್ಕೆ ಎರಡು ಸಲ ತಪ್ಪದೆ ತಿನ್ನಿಸಿ.” ಅಕ್ಕ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. “ಹಟ ಮಾಡಬಾರದಮ್ಮ, ಕಹಿಯಾದರೂ ತಿನ್ನಿಸಬೇಕು” ಎಂದು ಗದರಿಸಿದರು. ಡಾಕ್ಟರು ಹೇಳಿದ ಮೇಲೆ ಅಕ್ಕನಿಗೂ ನಿಜವಿರಬಹುದು ಎನ್ನಿಸಿತು. ದಿನಕ್ಕೆ ಎರಡು ಸಲ ತಿನ್ನಿಸಿದಳು.

ಭಾವ ಹಾಸಿಗೆಗೆ ಅಂಟಿಕೊಂಡರು. ಕಣ್ಣು ಹಳದಿಯಾಯಿತು, ಕೆನ್ನೆ ಒಳಗೆ ಹೋಗಿ ಮೀಸೆ ಮಾತ್ರ ಉಳಿಯಿತು. ಅಕ್ಕ ಖಾನಾವಳಿ ಮುಚ್ಚಿದಳು. ಒಂದು ಮಧ್ಯಾಹ್ನ ನಾನು ಹೋದಾಗ ಒಲೆಯಲ್ಲಿ ಬೆಂಕಿ ಇರಲಿಲ್ಲ. ಅವಳು ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಪಾಪಣ್ಣಾ, ಡಾಕ್ಟರಿಗೆ ನನ್ನ ಮಾತು ಕೇಳಿಸಬೇಕು ಕಣೋ. ಎಲ್ಲಾ ಮಾತೂ ಕೇಳಿಸಬೇಕು. ಕಟ್ಟೆಗೆ ಕರ್ಕೊಂಡು ಹೋಗೋಣ.”

ಹಾಸಿಗೆಯಿಂದ ಭಾವ ಕೈ ಎತ್ತಿದರು. “ಕಟ್ಟೆ ಬೇಡ. ಈಗ ಕಂಚುಗಾರರ ಹೊತ್ತು.”

“ರೀ, ನೀವು ಸಾಯ್ತಿದ್ದೀರಿ.”

“ನಮ್ಮ ಹೊತ್ತು ಸಂಜೆಗೆ.”

“ಸಂಜೆಗೆ ಡಾಕ್ಟರು ಬರೋ ಹಾಗಿಲ್ವಲ್ರೀ, ನೀವೇ ಮಾಡಿಟ್ಟಿರೋ ನಿಯಮ!”

“ನಿಯಮ ಅಂದ್ರೆ ನಿಯಮ. ನಾನೇ ಮುರಿದ್ರೆ ನಾಳೆ ಯಾರು ಕೇಳ್ತಾರೆ?”

ಅಕ್ಕ ಎದ್ದಳು. ಗಂಡನ ತಲೆಯ ದಿಕ್ಕಿಗೆ ಹೋಗಿ ಮಂಚದ ಕಾಲು ಹಿಡಿದಳು. ನನ್ನ ಕಡೆ ನೋಡಿದಳು. ಅವಳು ಹಾಗೆ ನೋಡಿದರೆ ನಾನು ಚಿಕ್ಕಂದಿನಿಂದಲೂ ಮಾತು ಮೀರಿದವನಲ್ಲ; ಇನ್ನೊಂದು ದಿಕ್ಕು ಹಿಡಿದೆ. ದಾರಿಯಲ್ಲಿ ಸಿಕ್ಕ ಇಬ್ಬರು ಅಡುಗೆಯವರು ಕೈ ಕೊಟ್ಟರು. ಬೋಗುಣಿಯನ್ನು ಅಕ್ಕ ಭಾವನ ಹೊಟ್ಟೆಯ ಮೇಲೇ ಇಟ್ಟಿದ್ದಳು, ಗೊಜ್ಜಿನ ಸಮೇತ. ಅವರು ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಸೀಟಿಯನ್ನೂ ಹಿಡಿದುಕೊಂಡು, ಆಕಾಶ ನೋಡುತ್ತ ಬಂದರು.

ಕಟ್ಟೆಯ ಮೇಲೆ ಕಂಚುಗಾರರ ಮನೆಯಲ್ಲಿ ಲತೀಫ್ ಸಾಬರೊಬ್ಬರೇ ಕೂತು, ಯಾರೂ ಇಲ್ಲದ್ದರಿಂದ ತಮ್ಮೊಳಗೆ ತಾವೇ ತವರದ ಬಗ್ಗೆ ಮಾತಾಡುತ್ತಿದ್ದರು. ಅಕ್ಕ ಮಂಚವನ್ನು ನಟ್ಟನಡುವೆ ಇಳಿಸಿದಳು. ನನ್ನ ಬಿಳಿ ಗೆರೆ ಅದರ ಕೆಳಗೆ ಮುಚ್ಚಿಹೋಯಿತು. ಭಾವ ಸೀಟಿ ಬಾಯಿಗಿಟ್ಟರು. ಉಸಿರು ಸಾಲದೆ ಕೋಳಿಮರಿ ಕೂಗಿದಷ್ಟು ಸದ್ದು ಬಂತು. ಅಕ್ಕ ವೈದ್ಯರ ಬೀದಿಯ ಕಡೆ ತಿರುಗಿ, ಹತ್ತು ಪಂಕ್ತಿಗೆ ಕೇಳಿಸುವ ತನ್ನ ಖಾನಾವಳಿ ಗಂಟಲಲ್ಲಿ ಕೂಗಿದಳು. “ಡಾಕ್ಟ್ರೇ, ಬನ್ರೀ ಇಲ್ಲಿ! ಅದು ಲೇಹ್ಯ ಅಲ್ಲ! ಹುಣಸೆಹುಳಿ ಗೊಜ್ಜು!”

ಡಾಕ್ಟರು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು. “ಏನಂದ್ರಿ? ಗೊಜ್ಜೇ? ನಾನು ಅದನ್ನ ದಿನಕ್ಕೆ ಎರಡು ಸಲ ತಿನ್ನಿಸಿ ಅಂದೆನಲ್ಲ!”

“ಅಂದ್ರಿ. ತಿನ್ನಿಸಿದೆ.”

ಅಷ್ಟರಲ್ಲಿ ಲತೀಫ್ ಸಾಬರು ತಮ್ಮ ಗೆರೆ ದಾಟಿ ಬಂದು ಬೋಗುಣಿಯೊಳಗೆ ಇಣುಕಿದರು. “ಅಲ್ಲಾ, ಇದೇನು ತಾಯೀ! ಕಲಾಯಿ ಪೂರಾ ಹೋಗಿದೆ. ಅಂಚೆಲ್ಲ ಹಸಿರು, ಕಿಲುಬು ಕಿತ್ಕೊಂಡು ಬಂದಿದೆ!”

“ಕಿಲುಬು!” ಡಾಕ್ಟರು ಹಣೆ ಹಣೆ ಬಡಿದುಕೊಂಡರು. “ಅದಕ್ಕೇ ವಾಂತಿ, ಅದಕ್ಕೇ ಕಣ್ಣು ಹಳದಿ. ನಂಜು ಏರಿದೆ ಇವರಿಗೆ. ಹುಳಿ ಹಾಕಿ ಎಷ್ಟು ಹೊತ್ತು ಇಟ್ಟಿರ್ತೀರಿ ಇದರಲ್ಲಿ?”

“ಇಡೀ ರಾತ್ರಿ. ಅವರಿಗೆ ನಿನ್ನೇದೇ ಆಗಬೇಕು.”

“ಕಲಾಯಿ ಇಲ್ಲದ ಹಿತ್ತಾಳೇಲಿ ಹುಳಿ ಇಡ್ತಾರೇನಮ್ಮಾ?” ಎಂದು ಸಾಬರು.

“ಕಲಾಯಿ ಹಾಕೋರು ನೀವು ಬರಲೇ ಇಲ್ವಲ್ಲ!” ಎಂದು ಅಕ್ಕ.

“ಬಂದಿದ್ದೆ ತಾಯೀ. ನಿಮ್ಮ ಯಜಮಾನರು ಸೀಟಿ ಊದಿ ಓಡಿಸಿದ್ರು.”

ಎಲ್ಲರೂ ಮಂಚದ ಕಡೆ ನೋಡಿದೆವು. ಭಾವ ಸೀಟಿಯನ್ನು ಬಾಯಿಂದ ತೆಗೆದು ದಿಂಬಿನ ಕೆಳಗೆ ಇಟ್ಟುಕೊಂಡರು.

ಆಮೇಲೆ ಮೂವರೂ ಒಬ್ಬರನ್ನೊಬ್ಬರು ಬೈದುಕೊಂಡರು, ಹೊಟ್ಟೆ ತುಂಬ ಬೈದುಕೊಂಡರು. ಹಳೆಯ ಕಟ್ಟೆಯ ಗದ್ದಲವೇ ಮರಳಿ ಬಂದಂತಾಗಿ ಎಂಟು ಬೀದಿಯಿಂದಲೂ ಜನ ಗೆರೆ ಲೆಕ್ಕಿಸದೆ ಹತ್ತಿ ನಿಂತರು. ಆ ಬೈಗುಳದಲ್ಲೇ ಭಾವನ ಔಷಧ ನಿರ್ಧಾರವಾಯಿತು. ಗೊಜ್ಜು ನಿಂತಿತು, ಬೋಗುಣಿ ಕಲಾಯಿಗೆ ಹೋಯಿತು, ಎಳನೀರು ಗಂಜಿ ಡಾಕ್ಟರ ಔಷಧಗಳಿಂದ ಭಾವನ ಮುಖದಲ್ಲಿ ಮೀಸೆಯ ಜೊತೆಗೆ ಬೇರೆ ಅಂಗಗಳೂ ಕಾಣಿಸಿಕೊಂಡವು. ಅಕ್ಕ ಒಲೆ ಹಚ್ಚಿದ ದಿನ ನಾನು ಸಂತೋಷ ತಡೆಯಲಾರದೆ ಮೂರು ಸಲ ಬಡಿಸಿಕೊಂಡೆ.

ಇಲ್ಲಿಗೆ ಕತೆ ಮುಗಿಯಬೇಕಾಗಿತ್ತು. ಆದರೆ ಒಳ್ಳೆಯದೇನಾದರೂ ನಡೆದರೆ ಅದಕ್ಕೊಂದು ಕಟ್ಟಡ ಕಟ್ಟದೆ ಬಿಡುವ ಊರು ನಮ್ಮದಲ್ಲ. ಅಧ್ಯಕ್ಷರು ಕಟ್ಟೆಯ ಮೇಲೆ ನಿಂತು, “ಅಡುಗೆ, ಕಲಾಯಿ, ವೈದ್ಯ ಮೂರೂ ಕೂಡಿ ಒಂದು ಪ್ರಾಣ ಉಳಿಯಿತು. ಇದೇ ಅಂತರಶಿಸ್ತೀಯ!” ಎಂದು ಸಾರಿದರು. ಕೇಶವಭಟ್ಟರು, “ನಾನು ಮೊದಲೇ ಹೇಳಿದ್ದೆ” ಎಂದರು, ಮತ್ತು ಹೇಳಿದ್ದು ನಿಜವೇ ಆಗಿತ್ತು. ರಾಜಧಾನಿಯಿಂದ ಅನುದಾನ ಬಂತು. ಕಟ್ಟೆಯಿರುವ ಜಾಗದಲ್ಲೇ ‘ಅಂತರಶಿಸ್ತೀಯ ಭವನ’ ಎಂದು ತೀರ್ಮಾನವಾಯಿತು. ಭಟ್ಟರು ಅದರ ನಿರ್ದೇಶಕರು. ನೇಮಕದ ಮಾರನೆಯ ದಿನದಿಂದ ಅವರು ಅರಿಸಮಾಸದ ಸುದ್ದಿಯೆತ್ತಲಿಲ್ಲ.

ವಿರೋಧ ಮಾಡಿದವರು ಒಬ್ಬರೇ, ನಮ್ಮ ಭಾವ. ಕೋಲೂರಿಕೊಂಡು ಪುರಸಭೆಗೆ ಹೋಗಿ, ಸೀಟಿ ಮತ್ತು ಕೆಂಪು ಪಟ್ಟಿಯನ್ನು ಮೇಜಿನ ಮೇಲಿಟ್ಟು ಹೇಳಿದರು. “ಅಧ್ಯಕ್ಷರೇ, ನಾನು ಹೇಳಿದ ಅರ್ಥ ತಪ್ಪು. ಗೆರೆ ಅಳಿಸಿ. ಆದರೆ ಕಟ್ಟೆಗೆ ಏನೂ ಮಾಡಬೇಡಿ. ಅದು ಯಾರದೂ ಅಲ್ಲ ಅನ್ನೋದಕ್ಕೇ ಅಲ್ಲಿ ಮಾತು ಕೇಳಿಸೋದು.”

“ಮೇಷ್ಟ್ರೇ, ನಿಮ್ಮ ಜೀವ ಉಳಿಸಿದ ಜಾಗಕ್ಕೆ ಒಂದು ಸೂರು ಬೇಡ್ವೇ?” ಎಂದರು ಅಧ್ಯಕ್ಷರು, ನೊಂದ ದನಿಯಲ್ಲಿ. ಭಾವ ಕೋಲೂರಿಕೊಂಡು ಹಿಂದಿರುಗಿದರು.

ಗೋಡೆ ಎದ್ದಿತು, ಸೂರು ಬಂತು, ಬಾಗಿಲಿಗೆ ಕಾವಲುಗಾರ ಬಂದ. ಒಳಗೆ ಕೂರಲು ಜನ ಬೇಕಲ್ಲ, ಪದದ ಅರ್ಥವನ್ನು ತಪ್ಪಿಲ್ಲದೆ ಒಪ್ಪಿಸುವವರನ್ನು ಪರೀಕ್ಷೆ ಮಾಡಿ ಆರಿಸಿದರು. ಲತೀಫ್ ಸಾಬರು ಪರೀಕ್ಷೆಯಲ್ಲಿ, “ಜಗಳ ಆಡೋದು” ಎಂದು ಅರ್ಥ ಹೇಳಿ ಫೇಲಾದರು. ಆಯ್ಕೆಯಾದವರು ದಿನವೂ ಬಂದು ಆ ಪದದ ಬಗ್ಗೆಯೇ ಮಾತಾಡಿದರು. ಅಂತರಶಿಸ್ತೀಯಕ್ಕೆ ಅಂತರಶಿಸ್ತೀಯತೆ ಹುಟ್ಟಿತು, ಅದರ ಬೆನ್ನಿಗೆ ಬಹುಶಿಸ್ತೀಯ, ಶಿಸ್ತಾತೀತ. ಆಡುತ್ತ ಆಡುತ್ತ ಅದು ಅವರ ಕಸುಬೇ ಆಯಿತು. ಕಸುಬಾದ ಮೇಲೆ ಊರಿಗೆ ಗೊತ್ತಿರುವ ಒಂದೇ ರೀತಿಯಲ್ಲಿ ಅದು ನಡೆದುಕೊಂಡಿತು. ನಾನು ಒಳಗಿನ ಕಂಬಗಳಿಗೆ ಬಣ್ಣ ಬಳಿದು, ‘ಬಣ್ಣ ಹಸಿಯಿದೆ, ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದ್ದೆ. ಬೆಳಿಗ್ಗೆ ನೋಡಿದರೆ ‘ಬಣ್ಣ’ ಇರಲಿಲ್ಲ. ಮಸಿ ಕೆಟ್ಟದ್ದಿರಬೇಕೆಂದು ಸುಮ್ಮನಾದೆ.

ಉದ್ಘಾಟನೆಗೆ ಭಾವ ಮುಖ್ಯ ಅತಿಥಿ. ಶಾಲು ಹೊದಿಸಿದರು. ಅಕ್ಕನನ್ನು ವೇದಿಕೆಗೆ ಕರೆದು, ಗಂಡನನ್ನು ಹೇಗೆ ಉಳಿಸಿಕೊಂಡೆಯೆಂದು ನಾಲ್ಕು ಮಾತು ಹೇಳಮ್ಮ ಎಂದರು. ಅಕ್ಕ ಎದ್ದು ನಿಂತಳು. “ನಮ್ಮ ಮನೇಲಿ ಒಂದು” ಎಂದಳು, ಆಮೇಲೆ ತುಟಿ ಮಾತ್ರ ಅಲುಗಿತು. ಬೋಗುಣಿ ಇಲ್ಲ, ಗೊಜ್ಜು ಇಲ್ಲ, ಕಲಾಯಿ ಇಲ್ಲ, ಕಿಲುಬು ಇಲ್ಲ. ಆ ಜಾಗ ಈಗ ಯಾರದೂ ಅಲ್ಲದ್ದಾಗಿರಲಿಲ್ಲ, ಒಂಬತ್ತನೆಯ ಬೀದಿಯಾಗಿತ್ತು. ಅಕ್ಕ ಗಾಬರಿಯಿಂದ ಸುತ್ತ ನೋಡಿ, “ಇಷ್ಟೇ” ಎಂದು ಕೂತಳು. ಜನ ಚಪ್ಪಾಳೆ ಹೊಡೆದರು. ಭಟ್ಟರು ಎದ್ದು, “ಮೌನವೂ ಅಂತರಶಿಸ್ತೀಯವೇ” ಎಂದರು. ಅದು ಮಾತ್ರ ಹಿಂದಿನ ಬೆಂಚಿನವರೆಗೂ ಸ್ಪಷ್ಟವಾಗಿ ಕೇಳಿಸಿತು.

ನಂತರ ಊಟ. ಭವನದ ಅಂಗಳದಲ್ಲೇ ಪಂಕ್ತಿ. ಅಡುಗೆಯನ್ನು ಅಡುಗೆಯವರಿಗೆ ಕೊಟ್ಟಿರಲಿಲ್ಲ, ಪರೀಕ್ಷೆ ಪಾಸಾದವರೇ ಸೇರಿ ಮಾಡಿದ್ದರು. ಎಲೆ ಹಾಕಿ ಅನ್ನ ಬಡಿಸಿ, ಹಿಂದಿನ ದಿನವೇ ಮಾಡಿಟ್ಟಿದ್ದ ಹುಳಿಯ ದೊಡ್ಡ ಕೊಪ್ಪರಿಗೆಯನ್ನು ಎಳೆದು ತಂದರು. ಅಕ್ಕ ಅಭ್ಯಾಸಬಲದಿಂದ ಬಗ್ಗಿ ನೋಡಿದಳು. ಕೊಪ್ಪರಿಗೆಯ ಒಳಗೆ ಕಲಾಯಿಯ ಬಿಳಿ ಹೆಸರಿಗೂ ಇರಲಿಲ್ಲ. ಹುಳಿ ನಿಂತ ಮಟ್ಟದ ಸುತ್ತ ಹಸಿರು ಗೆರೆ ಕಟ್ಟಿತ್ತು.

“ತಿನ್ನಬೇಡಿ!” ಎಂದು ಚೀರಿದಳು. ಅಷ್ಟು ಕೇಳಿಸಿತು.

“ಯಾಕಮ್ಮ?” ಎಂದರು ಅಧ್ಯಕ್ಷರು, ತುತ್ತು ಕಲಸುವ ಕೈ ತಡೆದು.

ಅಕ್ಕ ಹೇಳಿದಳು. ಹೇಳಿ ಹೇಳಿ ಗಂಟಲ ನರ ಉಬ್ಬಿತು. ಒಂದು ಪದವೂ ಹೊರಡಲಿಲ್ಲ. ಅಧ್ಯಕ್ಷರು ನಕ್ಕರು. “ಯಾಕೆ ಅಂತ ಹೇಳದೆ ಬರೀ ಬೇಡ ಅಂದ್ರೆ ಹೇಗಮ್ಮ? ಬಡಿಸ್ರಪ್ಪಾ.” ಮುಂದಿನ ಸಾಲಿನಲ್ಲಿ ಡಾಕ್ಟರ್ ವೃಷಭೇಂದ್ರಯ್ಯನವರಿದ್ದರು. ಭವನದಲ್ಲಿ ಅವರಿಗೂ ಒಂದು ಹುದ್ದೆ ಸಿಕ್ಕಿತ್ತು. ಅವರು ಕೊಪ್ಪರಿಗೆಯನ್ನು ನೋಡಿದರು, ಅಕ್ಕನನ್ನು ನೋಡಿದರು. ಅರ್ಥವಾಯಿತು, ಅವರ ಮುಖದಲ್ಲಿ ನಾನು ಕಂಡೆ. ಬಾಯಿ ತೆರೆದರು. ಸದ್ದು ಬರಲಿಲ್ಲ. ಬಾಯಿ ಮುಚ್ಚಿ, ತಮ್ಮ ಎಲೆಯನ್ನು ಮರ್ಯಾದೆಯಾಗಿ ಮಡಚಿ, ಕೈ ತೊಳೆಯಲು ಎದ್ದುಹೋದರು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೊಪ್ಪರಿಗೆಯ ಬಳೆಗೆ ಕೈಹಾಕಿದಳು. ಒಬ್ಬಳಿಂದ ಅಲುಗಲಿಲ್ಲ. ಆಗ ಶಾಲು ಹೊದ್ದ ಮುಖ್ಯ ಅತಿಥಿ ಎದ್ದು ಬಂದು ಇನ್ನೊಂದು ಬಳೆ ಹಿಡಿದರು. ಇಬ್ಬರ ನಡುವೆ ತೋಳಿನಷ್ಟಲ್ಲ, ಬೆರಳಿನಷ್ಟೂ ಅಂತರವಿರಲಿಲ್ಲ. ಒಂದೇ ಏಟಿಗೆ ಕೊಪ್ಪರಿಗೆ ಮಗುಚಿತು. ಹುಳಿಯೆಲ್ಲ ಹೊಸ ನೆಲದ ಮೇಲೆ ಹರಿದು, ಪಂಕ್ತಿಯ ಎಲೆಗಳನ್ನು ತೇಲಿಸಿಕೊಂಡು, ಭಟ್ಟರ ರೇಷ್ಮೆ ಪಂಚೆಯವರೆಗೂ ಹೋಯಿತು. “ಶಿಸ್ತಿಲ್ಲ! ಶಿಸ್ತಿಲ್ಲ!” ಎಂದು ಅವರು ಕೂಗಿದರು. ಆ ಪದ ಆ ಬೀದಿಯದೇ, ಚೆನ್ನಾಗಿ ಕೇಳಿಸಿತು. ಭಾವ ಶಾಲು ತೆಗೆದು ಅಕ್ಕನ ಸೀರೆಯ ಮೇಲೆ ಸಿಡಿದ ಹುಳಿಯನ್ನು ಒರೆಸಿದರು. ಆ ಹೊತ್ತಿನಲ್ಲಿ ಅವರಿಬ್ಬರನ್ನು ನೋಡಿ ನನಗೆ ಅಳು ಬಂತು, ಹೆಮ್ಮೆಯಿಂದ.

ಅಂದು ಊರಿನಲ್ಲಿ ಯಾರಿಗೂ ವಾಂತಿಯಾಗಲಿಲ್ಲ, ಯಾರ ಕಣ್ಣೂ ಹಳದಿಯಾಗಲಿಲ್ಲ. ಭವನದಲ್ಲಿ ವಿಚಾರಣೆ ನಡೆದಾಗ ಅಕ್ಕನ ವಿರುದ್ಧ ಎತ್ತಿ ತೋರಿಸಿದ ಸಾಕ್ಷಿ ಅದೇ. “ನೋಡಿ, ಯಾರಿಗೂ ಏನೂ ಆಗಿಲ್ಲ. ಇವರು ಸುಮ್ಮಸುಮ್ಮನೆ ಊಟ ಹಾಳುಮಾಡಿದರು” ಎಂದರು ಅಧ್ಯಕ್ಷರು. ಅಕ್ಕನ ಉತ್ತರ ಯಾರಿಗೂ ಕೇಳಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಬಾಗಿಲಿಗೆ ಒಂದು ಬೋರ್ಡು ಹಾಕಬೇಕೆಂದು ಅಪ್ಪಣೆಯಾಯಿತು. ‘ಬಾಣಸಿಗರಿಗೂ ಕಲಾಯಿಗಾರರಿಗೂ ಪ್ರವೇಶವಿಲ್ಲ.’ ಭವನದೊಳಗೆ ಅದನ್ನು ಬಾಯಿಬಿಟ್ಟು ಹೇಳಲಾಗದೆ ಭಟ್ಟರು ಮೊದಲ ಪದಕ್ಕೆ ನನ್ನನ್ನು ಅಡುಗೆಯವರ ಬೀದಿಗೂ, ಎರಡನೆಯದಕ್ಕೆ ಕಂಚುಗಾರರ ಬೀದಿಗೂ ಕರೆದುಕೊಂಡು ಹೋಗಿ, ಕಿವಿಯಲ್ಲಿ ಹೇಳಿ, ಮತ್ತೆ ಕರೆತಂದರು. ನಾನು ಏಣಿ ಹತ್ತಿ, ಒಂದಕ್ಷರ ಬಿಡದೆ, ದಪ್ಪಗೆ ಬರೆದೆ. ಮೊದಲೆರಡು ಪದ ಕುಂಚದ ಹಿಂದೆಯೇ ಮಾಸಿಹೋದವು. ಕೆಳಗಿಳಿದು ನೋಡಿದಾಗ ಹಲಗೆಯ ಮೇಲೆ ಒಂದೇ ಪದ ಉಳಿದಿತ್ತು.

ಹಲವು ವಿದ್ಯೆಗಳನ್ನು ಕೂಡಿಸುವ ನಮ್ಮ ಭವನದ ಬಾಗಿಲ ಮೇಲೆ ಈಗಲೂ ಅದೇ ಇದೆ: ‘ಪ್ರವೇಶವಿಲ್ಲ.’